ಕೆಲಸ ಬಿಟ್ಟು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಸ್ನಾತಕೋತ್ತರ ಓದಬೇಕೇ?

ಪ್ರಶ್ನೆ: ಸೈಟ್ ಎಂಜಿನಿಯರ್, ಉಡುಪಿ

ನಾನು ಸಿವಿಲ್ ವಿಭಾಗದಲ್ಲಿ ಬಿ.ಇ. ಮುಗಿಸಿ, ನಾಲ್ಕು ವರ್ಷಗಳಿಂದ ಉಡುಪಿ ಮತ್ತು ಮಂಗಳೂರಿನ ವಸತಿ ಕಟ್ಟಡಗಳ ಕಾಮಗಾರಿಯಲ್ಲಿ ದುಡಿಯುತ್ತಿದ್ದೇನೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂಬ ಆಸೆ ಮೊದಲಿನಿಂದಲೂ ಇತ್ತು. ಅದು ಗಟ್ಟಿಯಾದದ್ದು ಕಳೆದ ಮಳೆಗಾಲದಲ್ಲಿ.

ನಮ್ಮ ಕಟ್ಟಡದ ತಾರಸಿ ಸ್ಲ್ಯಾಬ್ ಏಪ್ರಿಲ್ ಕೊನೆಗೆ ಮುಗಿಯಬೇಕಿತ್ತು. ಜೂನ್ ಮೊದಲ ವಾರ ಮಳೆ ಹಿಡಿದಾಗ ಸೆಂಟ್ರಿಂಗ್ ಮೇಲೆ ಕಂಬಿ ಕಟ್ಟಿ ಮುಗಿದಿತ್ತೇ ಹೊರತು ಕಾಂಕ್ರೀಟ್ ಬಿದ್ದಿರಲಿಲ್ಲ. ಟಾರ್ಪಾಲು ಹೊದಿಸಿ ಹನ್ನೊಂದು ದಿನ ಕಾದೆವು; ಮಳೆ ಬಿಡುವು ಕೊಟ್ಟಾಗ ವೈರ್ ಬ್ರಶ್ ಕೊಟ್ಟು ಕಂಬಿಗಳ ತುಕ್ಕನ್ನು ಒಂದೊಂದಾಗಿ ಉಜ್ಜಿಸಿದೆ. ಸಭೆಯಲ್ಲಿ ವಿಳಂಬದ ಹೊಣೆ ಮಳೆಯ ಮೇಲೂ ಸೈಟ್‌ನವರ ಮೇಲೂ ಬಿತ್ತು. ಲಿಫ್ಟ್ ಕೋಣೆಯ ತಿದ್ದುಪಡಿ ನಕ್ಷೆ ತಡವಾಗಿ ಬಂದದ್ದು ನನಗೆ ಗೊತ್ತಿತ್ತು. ಆದರೆ ಅದರಿಂದ ಎಷ್ಟು ದಿನ ಹೋಯಿತು ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ನನ್ನ ಮುಂದೆ ಮೂರು ದಾರಿಗಳಿವೆ: ಎಂ.ಟೆಕ್. ಪ್ರವೇಶದ ಗೇಟ್ ಪರೀಕ್ಷೆ ಬರೆದು ಸುರತ್ಕಲ್‌ನ ಎನ್‌ಐಟಿಕೆಯಂತಹ ಕಡೆ ಪೂರ್ಣಾವಧಿ ಎಂ.ಟೆಕ್., ಸಾಲ ಮಾಡಿ ಬ್ರಿಟನ್ನಿನಲ್ಲಿ ಒಂದು ವರ್ಷದ ಎಂ.ಎಸ್ಸಿ., ಅಥವಾ ಕೆಲಸದಲ್ಲಿದ್ದುಕೊಂಡೇ ಆನ್‌ಲೈನ್ ಎಂ.ಬಿ.ಎ. ಇವೇನೂ ಬೇಡ, ಯೋಜನಾ ನಿರ್ವಹಣೆಯ ಪಿಎಂಪಿ ಪ್ರಮಾಣಪತ್ರವೊಂದೇ ಸಾಕು ಎನ್ನುವ ಸಹೋದ್ಯೋಗಿಗಳೂ ಇದ್ದಾರೆ. ಓದಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಎಂ.ಟೆಕ್. ಮುಗಿಸಿದವರು, ಸುರತ್ಕಲ್

ಎನ್‌ಐಟಿಕೆಯಲ್ಲಿ ಇದಕ್ಕೆ ಹೊಂದುವ ಕೋರ್ಸು ಸಿವಿಲ್ ವಿಭಾಗದ ಕನ್‌ಸ್ಟ್ರಕ್ಷನ್ ಟೆಕ್ನಾಲಜಿ ಆ್ಯಂಡ್ ಮ್ಯಾನೇಜ್‌ಮೆಂಟ್. ಎರಡು ವರ್ಷ ಸಂಬಳ ನಿಲ್ಲುತ್ತದೆ ಎಂಬುದು ನಿಜ, ಆದರೆ ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಗೇಟ್ ಅಂಕಕ್ಕೆ ಮೂರು ವರ್ಷ ಮಾನ್ಯತೆ ಇರುವುದರಿಂದ ಈ ವರ್ಷ ಪರೀಕ್ಷೆ ಬರೆದು, ಸೇರುವ ನಿರ್ಧಾರವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದಕ್ಕೂ ಅಡ್ಡಿಯಿಲ್ಲ.

ಅಲ್ಲಿ ಕಲಿಸುವುದು ಪ್ರೈಮವೆರಾ, ಎಂಎಸ್ ಪ್ರಾಜೆಕ್ಟ್ ಬಳಸುವುದನ್ನು ಎಂದು ಹಲವರು ತಿಳಿದಿದ್ದಾರೆ. ಸಾಫ್ಟ್‌ವೇರನ್ನು ಯಾರಾದರೂ ಒಂದು ತಿಂಗಳಲ್ಲಿ ಕಲಿಯಬಹುದು. ನನಗೆ ನಿಜವಾಗಿ ದಕ್ಕಿದ್ದು ಲೆಕ್ಕ ನೋಡುವ ಬಗೆ. ಒಂದು ಉದಾಹರಣೆ ಕೊಡುತ್ತೇನೆ. ಮೇ ಕೊನೆಗೆ 60 ಲಕ್ಷ ರೂಪಾಯಿಯ ಕೆಲಸ ಆಗಬೇಕಿತ್ತು, ಖರ್ಚಾದದ್ದು 54 ಲಕ್ಷ. ಮಾಲೀಕರು ಈ ಎರಡು ಅಂಕೆಗಳನ್ನಷ್ಟೇ ನೋಡಿ ಆರು ಲಕ್ಷ ಉಳಿಯಿತು ಎಂದುಕೊಳ್ಳುತ್ತಾರೆ. ಸೈಟ್‌ನಲ್ಲಿ ಆಗಿರುವ ಕೆಲಸವನ್ನು ಅಳೆದು, ಬಜೆಟ್ಟಿನ ದರದಲ್ಲಿ ಬೆಲೆ ಕಟ್ಟಿದರೆ 48 ಲಕ್ಷ ಮಾತ್ರ ಬರುತ್ತದೆ ಎಂದಿಟ್ಟುಕೊಳ್ಳಿ. ಆಗ ವೇಗದ ಸೂಚ್ಯಂಕ 48ನ್ನು 60ರಿಂದ ಭಾಗಿಸಿ 0.80, ವೆಚ್ಚದ ಸೂಚ್ಯಂಕ 48ನ್ನು 54ರಿಂದ ಭಾಗಿಸಿ 0.89. ಅಂದರೆ ಕೆಲಸ ಹಿಂದೆ ಬಿದ್ದಿದೆ, ಜೊತೆಗೆ ಆರು ಲಕ್ಷ ಹೆಚ್ಚೇ ಖರ್ಚಾಗಿದೆ. ಅರ್ನ್ಡ್ ವ್ಯಾಲ್ಯೂ ಎನ್ನುವುದು ಇದನ್ನೇ. ಈ ಮೂರನೆಯ ಅಂಕೆಯನ್ನು ಕೇಳುವ ಅಭ್ಯಾಸ ನನಗೆ ಬಂದದ್ದು ತರಗತಿಯಲ್ಲಿ. ಅದಕ್ಕಾಗಿ ಕಳೆದ ಎರಡು ವರ್ಷ ವ್ಯರ್ಥವಾಯಿತೆಂದು ನನಗೆ ಎಂದೂ ಅನ್ನಿಸಿಲ್ಲ.

ಉತ್ತರ 2: ಬ್ರಿಟನ್ನಿನಲ್ಲಿ ಓದಿ ಮರಳಿದವರು, ಮಂಗಳೂರು

ಬ್ರಿಟನ್ನಿನ ಎಂ.ಎಸ್ಸಿ. ಸಾಮಾನ್ಯವಾಗಿ 180 ಕ್ರೆಡಿಟ್‌ಗಳದು. ಅದರಲ್ಲಿ 60ರಷ್ಟು ಕೊನೆಯ ಪ್ರಬಂಧಕ್ಕೇ ಹೋಗುತ್ತದೆ. ಸೆಪ್ಟೆಂಬರಿನಲ್ಲಿ ಇಳಿದವರಿಗೆ ಊರು, ಚಳಿ, ಅಡುಗೆ ಅಭ್ಯಾಸವಾಗುವಷ್ಟರಲ್ಲಿ ಮೊದಲ ಸೆಮಿಸ್ಟರ್ ಮುಗಿದಿರುತ್ತದೆ.

ನನ್ನ ತಪ್ಪನ್ನು ಹೇಳುತ್ತೇನೆ, ನಿಮಗೆ ಉಪಯೋಗವಾಗಬಹುದು. ಪಂಪ್‌ವೆಲ್ ಮೇಲ್ಸೇತುವೆಯ ವಿಳಂಬದ ಬಗ್ಗೆ ಪ್ರಬಂಧ ಬರೆಯಬೇಕೆಂದು ನಾನು ಇಲ್ಲಿಂದಲೇ ನಿಶ್ಚಯಿಸಿ ಹೋಗಿದ್ದೆ. ವರ್ಷಗಟ್ಟಲೆ ನಾವೆಲ್ಲ ಆ ವೃತ್ತದಲ್ಲಿ ಬಸ್ಸಿನೊಳಗೆ ಕಾದವರು. 2020ರ ಜನವರಿ ಕೊನೆಯಲ್ಲಿ ಅದು ಸಂಚಾರಕ್ಕೆ ತೆರೆದಾಗಿನ ಸಮಾಧಾನ ಇನ್ನೂ ನೆನಪಿದೆ. ಆದರೆ ಅಲ್ಲಿ ಕುಳಿತು ನನಗೆ ಸಿಕ್ಕಿದ್ದು ಪತ್ರಿಕಾ ವರದಿಗಳು ಮಾತ್ರ. ಯಾವ ಕೆಲಸ ಯಾವ ದಿನ ನಿಂತಿತು ಎಂದು ಹೇಳುವ ದಾಖಲೆ ಒಂದೂ ಕೈಗೆ ಬರಲಿಲ್ಲ. ಕೊನೆಗೆ ಪರಿಚಿತ ಎಂಜಿನಿಯರುಗಳಿಗೆ ಪ್ರಶ್ನಾವಳಿ ಕಳುಹಿಸಿ, ಬಂದ ಅಭಿಪ್ರಾಯಗಳನ್ನು ಜೋಡಿಸಿ ಪ್ರಬಂಧ ಮುಗಿಸಿದೆ. ಪದವಿ ಬಂತು, ಆದರೆ ಪ್ರಬಂಧದಲ್ಲಿ ಹುರುಳಿರಲಿಲ್ಲ. ನನ್ನ ಸಹಪಾಠಿಯೊಬ್ಬರು ತಮ್ಮ ಹಳೆಯ ಸೈಟ್‌ನ ಎರಡು ವರ್ಷಗಳ ದಿನವಹಿ ವರದಿಗಳನ್ನು ಅನುಮತಿ ಪಡೆದು ತಂದಿದ್ದರು. ಅವರು ಒಂದೇ ವರ್ಷದಲ್ಲಿ ಕಲಿತಷ್ಟನ್ನು ನಾನು ಆಮೇಲೆ ಕೆಲಸಕ್ಕೆ ಸೇರಿದ ಮೇಲಷ್ಟೇ ಕಲಿತೆ. ಎಲ್ಲಿಯೇ ಓದಿ, ನಿಮ್ಮದೇ ದಾಖಲೆ ಕೈಯಲ್ಲಿಟ್ಟುಕೊಂಡು ಹೋಗಿ.

ಸಾಲದ ಬಗ್ಗೆ ಒಂದು ಮಾತು. ಓದು ಮುಗಿದ ಮೇಲೆ ಅಲ್ಲಿ ಉಳಿಯಲು ಕೊಡುವ ವೀಸಾದ ನಿಯಮಗಳು ಪದೇ ಪದೇ ಬದಲಾಗುತ್ತಿವೆ. ಅಲ್ಲಿಯ ದುಡಿಮೆಯಿಂದಲೇ ಕಂತು ಕಟ್ಟುತ್ತೇನೆ ಎಂಬ ಲೆಕ್ಕದಲ್ಲಿ ಮನೆಯ ಪತ್ರವನ್ನು ಬ್ಯಾಂಕಿನಲ್ಲಿ ಇಡಬೇಡಿ.

ಉತ್ತರ 3: ಶಿಕ್ಷಕರು, ಮಣಿಪಾಲ

ಆನ್‌ಲೈನ್ ದಾರಿಯ ಕುರಿತು ಚುಟುಕಾಗಿ ಹೇಳುತ್ತೇನೆ. ಯುಜಿಸಿ ಅನುಮತಿ ಇರುವ ಸಂಸ್ಥೆಯಿಂದ ಪಡೆದ ಆನ್‌ಲೈನ್ ಎಂ.ಬಿ.ಎ. ಪದವಿ ತರಗತಿಯಲ್ಲಿ ಓದಿ ಪಡೆದ ಪದವಿಗೆ ಸಮಾನವೆಂದು ಯುಜಿಸಿಯೇ 2022ರಲ್ಲಿ ಸ್ಪಷ್ಟಪಡಿಸಿದೆ. ಎಂಜಿನಿಯರಿಂಗ್ ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡಲು ಅನುಮತಿಯಿಲ್ಲ. ಆದ್ದರಿಂದ ಮನೆಯಲ್ಲೇ ಕುಳಿತು ಎಂ.ಟೆಕ್. ಮಾಡಿ ಎನ್ನುವ ಜಾಹೀರಾತನ್ನು ನಂಬಬೇಡಿ. ಶುಲ್ಕ ಕಟ್ಟುವ ಮೊದಲು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ಸಂಸ್ಥೆ ಮಾತ್ರವಲ್ಲ, ಆ ಕೋರ್ಸಿನ ಹೆಸರೂ ಆ ವರ್ಷಕ್ಕೆ ಇದೆಯೇ ಎಂದು ನೋಡಿಕೊಳ್ಳಿ.

ಉತ್ತರ 4: ಪ್ಲಾನಿಂಗ್ ಎಂಜಿನಿಯರ್, ಮಂಗಳೂರು

ಪಿಎಂಪಿ ಪರೀಕ್ಷೆ ಸ್ನಾತಕೋತ್ತರ ಓದಿಗೆ ಬದಲಿಯಲ್ಲ. ಪದವೀಧರರು ಅದಕ್ಕೆ ಅರ್ಜಿ ಹಾಕಬೇಕಾದರೆ ಯೋಜನೆಗಳನ್ನು ಮುನ್ನಡೆಸಿದ 36 ತಿಂಗಳ ಅನುಭವ ಮತ್ತು 35 ಗಂಟೆಗಳ ತರಬೇತಿ ಇರಬೇಕು. ಅದು ನಿಮಗಿರುವ ಅನುಭವಕ್ಕೆ ಮುದ್ರೆ ಒತ್ತುತ್ತದೆ, ಹೊಸದಾಗಿ ಆಳವಾದ ವಿದ್ಯೆಯನ್ನು ಕೊಡುವುದಿಲ್ಲ. ಎಂ.ಟೆಕ್. ಆದ ಮೇಲೂ ಅದನ್ನು ಬರೆಯಬಹುದು.

ನೀವು ಹೇಳಿದ ಸ್ಲ್ಯಾಬ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನೀವು ಓದಲು ಹೊರಟಿರುವ ವಿದ್ಯೆಯ ತಿರುಳು ಅಲ್ಲೇ ಇದೆ. 1957ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯವರು ಕಾರ್ಖಾನೆಗಳ ಕೆಲಸಕ್ಕಾಗಿ ರೂಪಿಸಿದ ಕ್ರಿಟಿಕಲ್ ಪಾತ್ ಪದ್ಧತಿಯಲ್ಲಿ ಕೊನೆಯ ದಿನದಿಂದ ಹಿಂದಕ್ಕೆ ಎಣಿಸುವ ಕ್ರಮವೊಂದಿದೆ. ನಮ್ಮ ಕರಾವಳಿಯಲ್ಲಿ ಆ ಕೊನೆಯ ದಿನವನ್ನು ಹುಡುಕಬೇಕಾಗಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ಪತ್ತನಾಜೆಯನ್ನೇ ಗಡುವಾಗಿ ಹಿಡಿಯುತ್ತಿದ್ದರು: ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಸುಮಾರು ಮೇ 24. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ತಾರಸಿಯ ಅಡಿಯ ಊರೆಗಳನ್ನು (ಆಸರೆ ಕಂಬಗಳನ್ನು) ತೆಗೆದು, ಮಳೆಗಾಲದ ಕೆಲಸವನ್ನು ಕಟ್ಟಡದೊಳಗೆ ಹಿಡಿಯಬೇಕು ಎನ್ನುವುದು ಅವರ ನಿಯಮ.

ಹಾಗಾದರೆ ಎಣಿಸೋಣ. ನಾಲ್ಕೂವರೆ ಮೀಟರಿಗಿಂತ ಅಗಲದ ಸ್ಲ್ಯಾಬಿನ ಊರೆಗಳನ್ನು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ 14 ದಿನ ತೆಗೆಯುವಂತಿಲ್ಲ. ಆದ್ದರಿಂದ ಕಾಂಕ್ರೀಟ್ ಮೇ 10ಕ್ಕೆ ಬೀಳಬೇಕು. ಕಂಬಿ ಮತ್ತು ವಿದ್ಯುತ್ ಕೊಳವೆಗಳಿಗೆ ಎಂಟು ದಿನವಾದರೆ ಮೇ 2ಕ್ಕೆ ಸೆಂಟ್ರಿಂಗ್ ಸಿದ್ಧವಿರಬೇಕು. ಸೆಂಟ್ರಿಂಗ್‌ಗೆ ಹತ್ತು ದಿನವೆಂದರೆ ಏಪ್ರಿಲ್ 22ಕ್ಕೆ ನಕ್ಷೆ ಕೈಯಲ್ಲಿರಬೇಕು. ನಿಮ್ಮ ಮೂಲ ಯೋಜನೆಯಲ್ಲಿ ಸೆಂಟ್ರಿಂಗ್ ಏಪ್ರಿಲ್ 12ಕ್ಕೆ ಆರಂಭವಾಗಬೇಕಿದ್ದರೆ, ನಕ್ಷೆ ಹತ್ತು ದಿನ ತಡವಾದರೂ ಯಾರಿಗೂ ಹಾನಿಯಿಲ್ಲ. ಆ ಹತ್ತು ದಿನವೇ ಫ್ಲೋಟ್. ಹನ್ನೊಂದನೆಯ ದಿನದಿಂದ ಪ್ರತಿ ದಿನಕ್ಕೂ ಹೊಣೆಗಾರರಿದ್ದಾರೆ. ಮಳೆಯನ್ನು ದೂರುವಂತಿಲ್ಲ, ಜೂನ್‌ನಲ್ಲಿ ಮಳೆ ಬರುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ಹಾಗಾಗಿ ಅದು ಯೋಜನೆಯೊಳಗೆ ಇರಬೇಕಾದದ್ದು.

ನಿಮ್ಮ ಸೈಟ್ ಡೈರಿಯನ್ನು ತೆರೆದು ಇದೇ ಲೆಕ್ಕ ಮಾಡಿ ನೋಡಿ. ಅದರಲ್ಲಿ ನಿಮಗೆ ರುಚಿ ಹತ್ತಿದರೆ ಗೇಟ್ ಬರೆಯಿರಿ. ಬೇಸರವಾದರೆ ಎರಡು ವರ್ಷ ಕೊಡುವ ಮೊದಲು ಇನ್ನೊಮ್ಮೆ ಯೋಚಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಭಾನುವಾರ ಪೂರ್ತಿ ಡೈರಿಯ ಮುಂದೆ ಕುಳಿತಿದ್ದೆ. ನಮ್ಮಲ್ಲೂ ಸೆಂಟ್ರಿಂಗ್ ಮತ್ತು ಕಂಬಿಗೆ ಸುಮಾರು ಅಷ್ಟೇ ದಿನ ಹಿಡಿಯುತ್ತದೆ. ಮೇ 3ರ ಪುಟದಲ್ಲಿ ನನ್ನದೇ ಅಕ್ಷರದಲ್ಲಿ “ತಿದ್ದುಪಡಿ ನಕ್ಷೆ ಬಂತು, ಸಂಜೆ 4” ಎಂದಿದೆ. ಏಪ್ರಿಲ್ 22ರಿಂದ ಎಣಿಸಿದರೆ ಹನ್ನೊಂದು ದಿನ. ಅದು ಸೈಟ್‌ನವರ ತಪ್ಪಲ್ಲ ಎಂದು ಈಗ ಕಾಗದದ ಮೇಲೆ ತೋರಿಸಬಲ್ಲೆ.

ಆದರೆ ಮೇ 3ರಿಂದ ಹದಿನೆಂಟು ದಿನವೆಂದರೆ ಮೇ 21ಕ್ಕೆ ಕಂಬಿ ಕೆಲಸ ಮುಗಿಯಬೇಕಿತ್ತು, ಮುಗಿದದ್ದು ಜೂನ್ 3ಕ್ಕೆ. ಉಳಿದ ಹದಿಮೂರು ದಿನಗಳ ಕಾರಣವೂ ಡೈರಿಯಲ್ಲೇ ಇದೆ: ಕಂಬಿ ಕಟ್ಟುವ ತಂಡ ಊರಿನ ಮದುವೆಗೆಂದು ಹೋಗಿತ್ತು, ಬದಲಿ ತಂಡವನ್ನು ಗೊತ್ತು ಮಾಡಬೇಕಾದವಳು ನಾನು, ಅದನ್ನು ಮಾಡಿರಲಿಲ್ಲ. ಸಭೆಯಲ್ಲಿ ನನಗೆ ಬಂದ ಸಿಟ್ಟಿನಲ್ಲಿ ಇದು ಹೊಳೆದೇ ಇರಲಿಲ್ಲ.

ಎರಡೂ ಲೆಕ್ಕಗಳನ್ನು ಒಂದೇ ಹಾಳೆಯಲ್ಲಿ ಬರೆದು ನಮ್ಮ ಪ್ರಾಜೆಕ್ಟ್ ಮ್ಯಾನೇಜರರಿಗೆ ನಾಳೆ ಕೊಡುತ್ತೇನೆ. ಈ ಬಾರಿಯ ಗೇಟ್ ಬರೆಯುವುದೆಂದು ನಿಶ್ಚಯಿಸಿದ್ದೇನೆ. ಸುರತ್ಕಲ್‌ನವರು ಪರೀಕ್ಷೆಯ ಸಿದ್ಧತೆಯನ್ನು ಕೆಲಸದ ಜೊತೆಗೆ ಹೇಗೆ ಹೊಂದಿಸಿಕೊಂಡರು ಎಂದು ತಿಳಿಸಿದರೆ ಉಪಕಾರವಾಗುತ್ತದೆ.