ಸಹಾಯ ಬೇಕು: ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ ಅಂತ ಮಕ್ಕಳಿಗೆ ಹೇಗೆ ತೋರಿಸಲಿ?

ಎಲ್ಲರಿಗೂ ನಮಸ್ಕಾರ. ಏಳನೇ ತರಗತಿಗೆ ಚಂದ್ರನ ಪಾಠ ನಡೆಯುತ್ತಿದೆ. ಚಂದ್ರ ಸವೆಯುವುದು ಭೂಮಿಯ ನೆರಳಿನಿಂದ ಅಂತ ಜಾಸ್ತಿ ಮಕ್ಕಳು ನಂಬಿದ್ದಾರೆ. ನೆರಳು ಬೀಳುವುದು ಗ್ರಹಣದಲ್ಲಿ ಮಾತ್ರ ಅಲ್ವಾ? ಅದಕ್ಕೇ ಕತ್ತಲೆ ಕೋಣೆಯಲ್ಲಿ ಒಂದು ಬಲ್ಬ್ ಹಾಕಿ, ಕಡ್ಡಿಗೆ ಚುಚ್ಚಿದ ಚೆಂಡನ್ನು ಒಬ್ಬಳ ಕೈಗೆ ಕೊಟ್ಟು ನಿಂತಲ್ಲೇ ತಿರುಗಲು ಹೇಳಿದೆ. ಬಿದಿಗೆ, ಅಷ್ಟಮಿ ಚೆನ್ನಾಗಿ ಕಂಡವು. ಹುಣ್ಣಿಮೆ ಬಂದಾಗ ಅವಳ ತಲೆಯ ನೆರಳೇ ಚೆಂಡನ್ನು ಮುಚ್ಚಿಬಿಟ್ಟಿತು. "ಹಾಗಾದ್ರೆ ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ?" ಅಂದಳು. ಎಷ್ಟು ಒಳ್ಳೆಯ ಪ್ರಶ್ನೆ! ಭೂಮಿ ಸೂರ್ಯನನ್ನು ಸುತ್ತುವ ದಾರಿಗೆ ಹೋಲಿಸಿದರೆ ಚಂದ್ರನ ದಾರಿ ಸುಮಾರು 5 ಡಿಗ್ರಿ ವಾಲಿದೆ, ಅದಕ್ಕೇ ಹೆಚ್ಚಿನ ಹುಣ್ಣಿಮೆಗಳಲ್ಲಿ ಚಂದ್ರ ಭೂಮಿಯ ನೆರಳಿನ ಮೇಲೋ ಕೆಳಗೋ ಹಾದುಹೋಗುತ್ತಾನೆ ಅಂತ ಹೇಳಿದೆ. ಯಾರ ಮುಖದಲ್ಲೂ ಅರ್ಥವಾದ ಹಾಗೆ ಕಾಣಲಿಲ್ಲ. ಈ ವಾಲುವಿಕೆಯನ್ನು ಮಕ್ಕಳೇ ಕೈಯಾರೆ ಮಾಡಿ ನೋಡುವ ಸುಲಭ ದಾರಿ ಇದ್ದರೆ ದಯವಿಟ್ಟು ತಿಳಿಸಿ. ಎರಡು ತಂತಿ ಬಳೆ ಸಾಕಾಗುತ್ತಾ? ಸೋಮವಾರ ಮತ್ತೆ ತರಗತಿ ಇದೆ.