ಸಹಾಯ ಬೇಕು: ಏಕಮುಖ ಒನ್‌ಟುಮೆನಿಯಲ್ಲಿ ಸಾಲು ಬೇರೆ ರಶೀದಿಗೆ ಹೋಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಅಡಿಕೆ ಅಂಗಡಿಯೊಂದರ ಬಿಲ್ಲಿಂಗ್, ಜಾವಾ ಮತ್ತು ಹೈಬರ್ನೇಟ್ 5 (ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್ ಟೇಬಲ್‌ಗಳಿಗೆ ಜೋಡಿಸುವ ಲೈಬ್ರರಿ). ರಶೀದಿ ಎಂಟಿಟಿಯಲ್ಲಿ (ಟೇಬಲ್‌ಗೆ ಜೋಡಿಸಿದ ಕ್ಲಾಸ್) ಸಾಲುಗಳ ಲಿಸ್ಟ್ ಇದೆ (ಹೊಸ ಅಡಿಕೆ, ಪಟೋರ, ಕೋಕ ಎಂಬ ಅಡಿಕೆ ಬಗೆಗಳು). ಸಾಲಿನಿಂದ ರಶೀದಿಗೆ ಕೊಂಡಿ ಇಲ್ಲ, ಅಂದರೆ ಒನ್‌ಟುಮೆನಿ (ಒಂದಕ್ಕೆ ಹಲವು) ಸಂಬಂಧ ಏಕಮುಖ. ಜಾಯಿನ್‌ಕಾಲಂ (ಸಾಲಿನ ಟೇಬಲ್‌ನಲ್ಲಿ ರಶೀದಿ ಐಡಿ ಇಡುವ ಕಾಲಂ) ಕೊಟ್ಟಿದ್ದೇನೆ, ಹಾಗಾಗಿ ಎರಡನ್ನೂ ಜೋಡಿಸುವ ಮೂರನೇ ಟೇಬಲ್ ಇಲ್ಲ.

ಲಾಗ್‌ನಲ್ಲಿ ಕಾಣುವುದು: ರಶೀದಿ ಐಡಿ ಇಲ್ಲದೆ ಸಾಲಿನ ಇನ್ಸರ್ಟ್, ಆಮೇಲೆ ಐಡಿ ತುಂಬುವ ಅಪ್‌ಡೇಟ್. ಆ ಕಾಲಂ ನಾಟ್ ನಲ್ (ಖಾಲಿ ಬಿಡುವಂತಿಲ್ಲ) ಆದ್ದರಿಂದ ಇನ್ಸರ್ಟ್‌ನಲ್ಲೇ ಎರರ್. ನಾಟ್ ನಲ್ ತೆಗೆಯುವ ಸಲಹೆ ದಯವಿಟ್ಟು ಬೇಡ, ರಶೀದಿಯಿಲ್ಲದ ತೂಕದ ಸಾಲು ಡೇಟಾಬೇಸ್‌ನಲ್ಲಿ ಇರಲೇಬಾರದು.

ಜಾಯಿನ್‌ಕಾಲಂಗೆ ನಲ್ಲಬಲ್ ಫಾಲ್ಸ್ ಹಾಕಿದರೆ ಇನ್ಸರ್ಟ್ ಆಗುತ್ತದೆ, ಸಾಲಿಗೊಂದು ದಂಡದ ಅಪ್‌ಡೇಟ್ ಉಳಿಯುತ್ತದೆ. ಅಪ್‌ಡೇಟಬಲ್ ಫಾಲ್ಸ್ ಸೇರಿಸಿದರೆ ಅದೂ ನಿಲ್ಲುತ್ತದೆ. ಆದರೆ ಒಂದು ರಶೀದಿಯ ಸಾಲನ್ನು ಇನ್ನೊಂದಕ್ಕೆ ಸಾಗಿಸಿದಾಗ ಹಳೆ ಐಡಿಯೇ ಉಳಿಯುತ್ತದೆ, ಎರರೂ ಬರುವುದಿಲ್ಲ!

ಸಾಲಿನಲ್ಲಿ ಮೆನಿಟುವನ್ (ರಶೀದಿಗೆ ಮರುಕೊಂಡಿ) ಇಟ್ಟು ಮ್ಯಾಪ್ಡ್‌ಬೈ (ಸಂಬಂಧದ ಒಡೆತನ ಸಾಲಿಗೆ ಕೊಡುವುದು) ಮಾಡದೆ ಬೇರೆ ದಾರಿ ಇದೆಯೇ?