ಫಾಲ್ಸ್ ಚರ್ಚ್: ಡೈವೋರ್ಸ್ ಆರ್ಡರ್ ಕಾಪಿ ಎಲ್ಲಿ ಸಿಗುತ್ತದೆ?

ಪ್ರಶ್ನೆ: 2016ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಡೈವೋರ್ಸ್ ಆಗಿತ್ತು, ಈಗ ಮೈಸೂರಲ್ಲಿ ಮತ್ತೆ ಮದುವೆ ರಿಜಿಸ್ಟರ್ ಮಾಡಿಸಲು ಆರ್ಡರ್‌ನ ಸರ್ಟಿಫೈಡ್ ಕಾಪಿ ಬೇಕು. ಆಗಿನ ವಿಳಾಸ ಫಾಲ್ಸ್ ಚರ್ಚ್. ಅದು ಯಾವ ಕೌಂಟಿಗೂ (ನಮ್ಮ ಜಿಲ್ಲೆ ತರಹದ್ದು) ಸೇರದ ಊರು ಅಲ್ವಾ, ಹಾಗಾಗಿ ಸಿಟಿ ಹಾಲ್‌ಗೇ ಹೋದೆ. ಇಲ್ಲಿ ಸಿಗಲ್ಲ ಅಂದರು.

ಉತ್ತರ 1: ಅಲ್ಲಿರುವುದು ಜನರಲ್ ಡಿಸ್ಟ್ರಿಕ್ಟ್ ಕೋರ್ಟ್, ಟ್ರಾಫಿಕ್ ಟಿಕೆಟ್ ತರಹದ ಕೇಸುಗಳಿಗೆ. ಡೈವೋರ್ಸ್ ಅದಕ್ಕಿಂತ ಮೇಲಿನ ಸರ್ಕ್ಯೂಟ್ ಕೋರ್ಟಿನದು. ಇದೇ ತರಹ ಕೌಂಟಿಗೆ ಸೇರದ ಅಲೆಕ್ಸಾಂಡ್ರಿಯಾ ಊರಿಗೆ ಸ್ವಂತದ್ದಿದೆ, ಫಾಲ್ಸ್ ಚರ್ಚ್‌ಗೆ ಇಲ್ಲ; ಅಲ್ಲಿನ ಕೇಸುಗಳು ಪಕ್ಕದ ಆರ್ಲಿಂಗ್ಟನ್ ಕೌಂಟಿ ಕೋರ್ಟಿಗೆ ಹೋಗುತ್ತವೆ. ಆರ್ಲಿಂಗ್ಟನ್ ಕ್ಲರ್ಕ್ ಆಫೀಸಲ್ಲಿ ಕೇಳಿ.

ಉತ್ತರ 2: ಸುಮ್ನೆ ಆರ್ಲಿಂಗ್ಟನ್‌ಗೆ ಓಡಬೇಡಿ. ಪೋಸ್ಟಲ್ ವಿಳಾಸದಲ್ಲಿ ಫಾಲ್ಸ್ ಚರ್ಚ್ ಅಂತಿರುವ ಎಷ್ಟೋ ಮನೆಗಳು ನಿಜಕ್ಕೂ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿವೆ. ನಾನೂ ಹೀಗೇ ಒಂದು ದಿನ ಹಾಳು ಮಾಡಿಕೊಂಡೆ. ಹಳೇ ವಕೀಲರ ಪತ್ರ ಇದ್ದರೆ ಹುಡುಕಿ, ಕೋರ್ಟಿನ ಹೆಸರು, ಕೇಸ್ ನಂಬರ್ ಎರಡೂ ಅದರಲ್ಲೇ ಇರುತ್ತದೆ.

ಪ್ರಶ್ನೆ ಕೇಳಿದವರು: ಅಯ್ಯೋ, ಪತ್ರ ಸಿಕ್ಕಿತು. ಫೇರ್‌ಫ್ಯಾಕ್ಸೇ!

ಉತ್ತರ 3: ಹಾಗಾದರೆ ಕ್ಲರ್ಕ್‌ಗೆ ಇಬ್ಬರ ಹೆಸರು, ಕೇಸ್ ನಂಬರ್ ಕೊಟ್ಟು ಕೇಳಿ. ಪುಟಕ್ಕೆ 50 ಸೆಂಟ್, ಸರ್ಟಿಫೈ ಮಾಡಲು 2 ಡಾಲರ್. ಜಾಸ್ತಿ ಏನಿಲ್ಲ. ಭಾರತಕ್ಕೆ ಬೇಕಾದ್ದರಿಂದ ಆಮೇಲೆ ವರ್ಜೀನಿಯಾ ರಾಜಧಾನಿ ರಿಚ್ಮಂಡ್‌ನಿಂದ ಅಪಾಸ್ಟಿಲ್ (ದಾಖಲೆ ಬೇರೆ ದೇಶದಲ್ಲೂ ಮಾನ್ಯವಾಗಲು ಸರ್ಕಾರ ಕೊಡುವ ದೃಢೀಕರಣ) ಹಾಕಿಸಿ. ಬರೀ ಜೆರಾಕ್ಸ್‌ಗೆ ಅದು ಸಿಗಲ್ಲ.